ಕೊನೆಗೆ ಇಳಿಯುವ ನಾಯಿ

ಅಕ್ಕನನ್ನು ಕೊಂದ ನಾಯಿಯನ್ನು ತಂಗಿ ಹತ್ತು ತಿಂಗಳಿಂದ ಸಾಕುತ್ತಿದ್ದಳು. ಸಾಕುತ್ತಿದ್ದಳು ಎನ್ನುವುದು ದೊಡ್ಡ ಮಾತಾಯಿತು. ಹೊತ್ತುಹೊತ್ತಿಗೆ ಒಂದು ಬಟ್ಟಲು ಮುಂದೆ ತಳ್ಳುವಳು, ದಿನಕ್ಕೆರಡು ಸಲ ಬೀದಿಗೆ ಎಳೆದುಕೊಂಡು ಹೋಗಿ ಎಳೆದುಕೊಂಡು ಬರುವಳು, ಮಿಕ್ಕ ಹೊತ್ತು ಅದರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಬೀದಿಯಲ್ಲಿ ಹಗ್ಗವನ್ನು ಕೈಗೆ ಮೂರು ಸುತ್ತು ಸುತ್ತಿ ಹಿಡಿಯುತ್ತಿದ್ದಳು. ನಾಯಿಯ ಕತ್ತು ಅವಳ ಮೊಣಕಾಲಿಗೆ ಅಂಟಿಕೊಂಡೇ ಇರಬೇಕು. ಒಂದು ಜೀವ ತೆಗೆದ ಪ್ರಾಣಿಗೆ ಅಷ್ಟು ಮರ್ಯಾದೆಯೇ ಹೆಚ್ಚು ಎಂದು ಅವಳ ಎಣಿಕೆ.

ನಡೆದದ್ದು ಇಷ್ಟು. ಅಂದರೆ, ಭಾವ ಹೇಳಿದ್ದು ಇಷ್ಟು. ಅಕ್ಕ ಮಹಡಿಯಿಂದ ಇಳಿಯುತ್ತಿದ್ದಳು. ನಾಯಿ ಹಿಂದಿನಿಂದ ದಡದಡನೆ ಓಡಿ ಬಂದು ಅವಳ ಕಾಲುಗಳ ಸಂದಿಯಲ್ಲಿ ನುಗ್ಗಿತು. ಹದಿನಾಲ್ಕು ಮೆಟ್ಟಿಲು. ಭಾವ ಕೆಳಗೆ ನಿಂತಿದ್ದವನು ಕಣ್ಣಾರೆ ಕಂಡ, ಓಡಿಹೋಗಿ ಹಿಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು. ಯಾರಿಗೂ ಅನುಮಾನ ಬರಲಿಲ್ಲ. ಬರುವುದಾದರೂ ಹೇಗೆ? ಅಕ್ಕನ ಕಣ್ಣು ಸುತ್ತಲಿಂದ ಕಿರಿದಾಗುತ್ತಾ ಬಂದಿತ್ತು. ಎದುರಿಗಿದ್ದದ್ದು ಕಾಣುತ್ತಿತ್ತು, ಪಕ್ಕದ್ದು, ಕಾಲ ಬಳಿಯದ್ದು ಕಾಣುತ್ತಿರಲಿಲ್ಲ. ಅದನ್ನು ನಾಲ್ಕು ವರ್ಷದ ಹಿಂದೆ ಮೊದಲು ಪತ್ತೆ ಹಚ್ಚಿದವಳು ತಂಗಿಯೇ. "ಮೆಟ್ಟಿಲು ಜೋಪಾನ ಕಣೇ" ಎಂದು ಹೇಳಿದವಳೂ ಅವಳೇ. "ಆಯ್ತು ತಾಯಿ, ನಾನೊಂದು ಉಪಾಯ ಮಾಡ್ಕೋತೀನಿ" ಎಂದು ಅಕ್ಕ ನಕ್ಕಿದ್ದಳು.

ಭಾವನಿಗೆ ನಾಯಿಯನ್ನು ಅಂದೇ ಸೂಜಿ ಚುಚ್ಚಿಸಿ ಮುಗಿಸಬೇಕೆಂದಿತ್ತು. ಎಂಟು ವರ್ಷದ ಮಗಳು ಪುಟ್ಟಿ ಅತ್ತೂ ಅತ್ತೂ ಜ್ವರ ಬರಿಸಿಕೊಂಡಳು. ಅದಕ್ಕೇ ತಂಗಿ ಹಲ್ಲು ಕಚ್ಚಿಕೊಂಡು ಅದನ್ನು ತಂದಿಟ್ಟುಕೊಂಡಳು. ಬೂದು ಬಣ್ಣದ, ಅಗಲ ಎದೆಯ, ದಪ್ಪ ಕತ್ತಿನ ನಾಯಿ. ದಿವಾನದ ಮೇಲೆ ಕಾಲ ಮೇಲೆ ಕಾಲು ಹಾಕಿಕೊಂಡು ಮಲಗುತ್ತದೆ ಎಂದು ಅಕ್ಕ ಅದನ್ನು ದೊರೆ ಎಂದು ಕರೆಯುತ್ತಿದ್ದಳು. ಈಗ ಆ ದೊರೆಯ ಪಕ್ಕೆಲುಬು ಎಣಿಸಬಹುದಿತ್ತು.

ನಾಯಿ ತೀರ ನಿಲ್ಲಲಾಗದಂತಾದಾಗ ತಂಗಿ ಅದನ್ನು ನಾಯಿ ಡಾಕ್ಟರ ಬಳಿ ಒಯ್ದಳು. ಆಕೆ ನಾಯಿಗಿಂತ ಹೆಚ್ಚಾಗಿ ಹಗ್ಗವನ್ನೇ ನೋಡಿದರು.

"ಕಾಯಿಲೆ ಏನಿಲ್ಲ. ಇದನ್ನ ನೀವು ಏನಾದ್ರೂ ಕೇಳಿದ್ದೀರಾ, ಇಷ್ಟು ದಿನದಲ್ಲಿ?"

"ನಾಯಿನ ಏನು ಕೇಳೋದು?"

"ಯಾವ ಕಡೆ ಹೋಗ್ತೀಯ, ಎಲ್ಲಿ ಮಲಗ್ತೀಯ, ಮುಟ್ಟಲಾ ಬೇಡವಾ, ಇದು ತಿಂತೀಯಾ ಅದಾ? ಎಲ್ಲ ನೀವೇ ತೀರ್ಮಾನ ಮಾಡಿದ್ರೆ ಅದು ಯಾಕೆ ಬದುಕಬೇಕು ಹೇಳಿ. ಹಗ್ಗ ಉದ್ದ ಬಿಡಿ. ದಿನಕ್ಕೆ ನಾಲ್ಕು ಸಲ ಅದನ್ನೇ ಆರಿಸೋಕೆ ಬಿಡಿ. ಆದ್ರೆ ಒಂದು ಮಾತು, ಕೇಳಿದ ಮೇಲೆ ಕಾಯಬೇಕು. ಕಾಯದೆ ಹೋದ್ರೆ ಅದು ಕೇಳಿದ ಹಾಗಲ್ಲ."

ಈ ಮಾತು ಬೇರೆ ಯಾರಿಗಾದರೂ ಹೇಳಿದ್ದರೆ ಹೊರಗೆ ಬಂದು ನಗುತ್ತಿದ್ದರೇನೋ. ತಂಗಿ ನಗಲಿಲ್ಲ, ಏಕೆಂದರೆ ಕೇಳುವುದೇ ಅವಳ ಕಸುಬು. ಅವಳದು ಕನ್ನಡಕದ ಅಂಗಡಿ. ಹಿಂದಿನ ಕತ್ತಲೆ ಕೋಣೆಯಲ್ಲಿ ಒಂದು ಎತ್ತರದ ಕುರ್ಚಿ, ಎದುರು ಗೋಡೆಯಲ್ಲಿ ಬೆಳಕಿನ ಅಕ್ಷರಗಳ ಹಲಗೆ. ಕೂತವರ ಕಣ್ಣ ಮುಂದೆ ಗಾಜು ಬದಲಾಯಿಸುತ್ತಾ ದಿನಕ್ಕೆ ನೂರು ಸಲ ಕೇಳುವುದು ಒಂದೇ ಪ್ರಶ್ನೆ: "ಇದು ಹಿತವಾಗಿದೆಯಾ, ಇದಾ?" ಜನಕ್ಕೆ ಪರೀಕ್ಷೆಯ ದಿಗಿಲು. ಅವಳ ಮುಖ ನೋಡಿ, ಅವಳಿಗೆ ಯಾವುದು ಬೇಕಿದೆಯೋ ಅದನ್ನೇ ಹೇಳಿಬಿಡುತ್ತಾರೆ. "ಸರಿ ತಪ್ಪು ಇಲ್ಲ ಇದರಲ್ಲಿ" ಎಂದರೂ ಕೇಳುವುದಿಲ್ಲ. ಅದಕ್ಕೇ ಅವಳು ಮುಖ ಬಿಗಿ ಮಾಡಿಕೊಂಡು, ಅದೇ ಎರಡು ಗಾಜನ್ನು ಹಿಂದುಮುಂದು ಮಾಡಿ, ಸುಳಿವು ಕೊಡದೆ ಮತ್ತೆ ಕೇಳುತ್ತಾಳೆ. ಎರಡು ಸಲವೂ ಒಂದೇ ಗಾಜನ್ನು ಆರಿಸಿದರೆ ಮಾತ್ರ ಅದು ಉತ್ತರ.

ನಾಯಿಗೂ ಅದೇ ಕಟ್ಟಳೆ. ಎರಡು ಬಟ್ಟಲು ಇಡುವಳು, ಕೈ ಹಿಂದೆ ಕಟ್ಟಿಕೊಂಡು ಗೋಡೆ ನೋಡುತ್ತಾ ನಿಲ್ಲುವಳು. ಮಾರನೆಯ ದಿನ ಎಡದ್ದು ಬಲಕ್ಕೆ. ಮೊದಲ ವಾರ ದೊರೆ ಎರಡನ್ನೂ ಮುಟ್ಟದೆ ಅವಳ ಮುಖವನ್ನೇ ನೋಡಿತು, ಥೇಟ್ ಅವಳ ಗಿರಾಕಿಗಳ ಹಾಗೆ. ಎರಡನೆಯ ವಾರ ಮೂಗು ಚಾಚಿತು. ಮೂರನೆಯ ವಾರಕ್ಕೆ ಅದರ ದರ್ಬಾರು ಶುರುವಾಯಿತು. ಮೀನು ಬೇಕು, ಕೋಳಿ ಬೇಡ. ಅಡುಗೆಮನೆಯ ತಣ್ಣನೆ ನೆಲ ಬೇಡ, ಅಂಗಡಿಯ ಎತ್ತರದ ಕುರ್ಚಿಯ ಕೆಳಗೇ ಬೇಕು. ತಲೆ ಮುಟ್ಟಬಾರದು, ಎದೆ ತುರಿಸಬಹುದು. ಮಳಿಗೆಗಳ ಬೀದಿ ಬೇಡ, ರೈಲು ಹಳಿಯ ಪಕ್ಕದ ದಾರಿ ಬೇಕು. ತಂಗಿಗೆ ಬೇಡವೆಂದರೂ ನಗು ಬರುತ್ತಿತ್ತು. ನಗು ಬಂದದ್ದಕ್ಕೆ ಅಕ್ಕನ ನೆನಪಾಗಿ ತಪ್ಪು ಮಾಡಿದವಳಂತೆ ಮುಖ ಗಂಟು ಹಾಕಿಕೊಳ್ಳುತ್ತಿದ್ದಳು.

ಅತ್ತ ಅವಳ ಬದುಕಿನಲ್ಲಿ ಅವಳನ್ನು ಕೇಳುವವರು ಯಾರೂ ಇರಲಿಲ್ಲ. ಪುಟ್ಟಿಗೆ ತಾಯಿ ಬೇಕು, ಭಾವನಿಗೆ ಮನೆ ನಡೆಸುವವರು ಬೇಕು, ಇವಳಿಗೂ ವಯಸ್ಸು ನಿಂತಿಲ್ಲ ಎಂದು ಅಮ್ಮ ಮಾತು ಎತ್ತಿದ್ದರು. ಭಾವ ಆ ಮಾತನ್ನು ಎರಡು ಕೈಯಲ್ಲಿ ಹಿಡಿದುಕೊಂಡ. ಅವನು ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತಿರುತ್ತಾನೆ, ಅವನ ಕಾಲ ಕೆಳಗೂ ಒಂದು ಬ್ರೇಕು ಇರುತ್ತದೆ. ಎಂದೂ ದನಿ ಎತ್ತಿದವನಲ್ಲ. ತನಗೆ ಸರಿ ಕಾಣದಾಗ ಮೆಲ್ಲಗೆ ಒತ್ತುತ್ತಾನೆ, ಅಷ್ಟೇ, ಗಾಡಿ ನಿಲ್ಲುತ್ತದೆ. "ನಿನಗೇನು ಬೇಕು ಅಂತ ನನಗೆ ಗೊತ್ತು" ಎನ್ನುವುದು ಅವನ ಮೆಚ್ಚಿನ ಮಾತು. ಅವಳ ಅಂಗಡಿಯ ಜಾಗ ಬಿಟ್ಟುಕೊಡುತ್ತೇವೆಂದು ಕಟ್ಟಡದ ಮಾಲೀಕರಿಗೆ ಅವನೇ ಹೇಳಿ ಬಂದಿದ್ದ. ಶುಕ್ರವಾರ ಮದುವೆಯ ಕಾಗದಕ್ಕೆ ಸಹಿ. ತಂಗಿ ಬೇಡ ಎನ್ನಲಿಲ್ಲ. ಪುಟ್ಟಿ ಅವಳ ಪ್ರಾಣ. ಬೇಡ ಎನ್ನಲು ಕಾರಣವೂ ಇರಲಿಲ್ಲ.

ಸಹಿಗೆ ಇನ್ನು ಹತ್ತು ದಿನವಿರುವಾಗ ದೊರೆ ರೈಲು ಹಳಿಯ ದಾರಿಯಲ್ಲಿ ಹೋಗುತ್ತಾ ಮೇಲ್ಸೇತುವೆಯ ಕಡೆ ತಿರುಗಿತು. ಅದುವರೆಗೆ ಅವರಿಬ್ಬರೂ ಒಟ್ಟಿಗೆ ಮೆಟ್ಟಿಲು ಕಂಡಿರಲಿಲ್ಲ. ಅಂಗಡಿ, ಮನೆ ಎರಡೂ ನೆಲದ ಮೇಲಿನವು. ಹತ್ತುವಾಗ ಏನೂ ಇಲ್ಲ, ನಾಯಿ ಅವಳ ಜೊತೆಗೇ ಟಕಟಕ ಹತ್ತಿತು. ಸೇತುವೆ ದಾಟಿ ಆಚೆ ಬದಿಯಲ್ಲಿ ಇಳಿಯಬೇಕು. ಅಲ್ಲಿ ದೊರೆ ಕೂತುಬಿಟ್ಟಿತು. ಮೇಲಿನ ಮೆಟ್ಟಿಲಿನ ಅಂಚಿಗೆ ಎರಡು ಕಾಲು ಜೋಡಿಸಿಕೊಂಡು, ಬೆನ್ನು ನೆಟ್ಟಗೆ ಮಾಡಿಕೊಂಡು.

ಹಳೆಯ ದಿನವಾಗಿದ್ದರೆ ಎಳೆಯುತ್ತಿದ್ದಳು. ಈಗ ಹಗ್ಗ ಕೈಬಿಟ್ಟಳು. "ಬರ್ತೀಯಾ, ಇಲ್ವಾ?" ನಾಯಿ ಅಲುಗಲಿಲ್ಲ. ಕಾದಳು. ಒಬ್ಬ ಮುದುಕಿ ಕೈಚೀಲ ಹಿಡಿದು ದಾಟಿ ಇಳಿದಳು, ನಾಯಿ ಅವಳನ್ನು ಕೆಳಗಿನವರೆಗೂ ಕಣ್ಣಿನಲ್ಲೇ ಕಳಿಸಿಕೊಟ್ಟಿತು. ತಂಗಿ ಸುಮ್ಮನೆ ನೋಡೋಣವೆಂದು ತಾನೊಬ್ಬಳೇ ಇಳಿದಳು. ಕೆಳಗೆ ಬಂದು ತಿರುಗಿದರೆ ದೊರೆ ಇನ್ನೂ ಮೇಲೆಯೇ ಕೂತಿದೆ, ಕಿವಿ ನಿಮಿರಿಸಿ ಏನನ್ನೋ ಕಾಯುತ್ತಿದೆ. ಅವಳ ಚಪ್ಪಲಿಗೆ ಕೆಸರು ಮೆತ್ತಿತ್ತು. ಅದನ್ನು ಉದುರಿಸಲು ಕಾಲನ್ನು ನೆಲಕ್ಕೆ ಎರಡು ಸಲ ಕುಟ್ಟಿದಳು. ನಾಯಿ ಎದ್ದು, ಆತುರವಿಲ್ಲದೆ, ಒಂದೊಂದೇ ಮೆಟ್ಟಿಲು ಇಳಿದು ಬಂದಿತು.

ತಂಗಿ ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಮತ್ತೆ ಹತ್ತಿದಳು, ಮತ್ತೆ ಇಳಿದಳು. ಈಚೆ ಬದಿಯಿಂದ, ಆಚೆ ಬದಿಯಿಂದ. ಮಾರನೆಯ ದಿನ ಗ್ರಂಥಾಲಯದ ಮೆಟ್ಟಿಲು, ಆಸ್ಪತ್ರೆಯ ಮೆಟ್ಟಿಲು, ಮುಚ್ಚಿದ ಚಿತ್ರಮಂದಿರದ ಐದೇ ಐದು ಮೆಟ್ಟಿಲು. ಕಾಲು ಒಂದು ಸಲ ಕುಟ್ಟಿ ನೋಡಿದಳು, ನಾಯಿ ಬರಲಿಲ್ಲ. ಮೂರು ಸಲ, ಬರಲಿಲ್ಲ. ಎರಡು ಸಲ ಕುಟ್ಟಿದರೆ ಎದ್ದಿತು. ಹೇಗೆ ಹಿಂದುಮುಂದು ಮಾಡಿದರೂ ಒಂದೇ ಉತ್ತರ. ಜೊತೆಯವರು ಕೆಳಗೆ ನೆಲ ಮುಟ್ಟುವ ತನಕ ಈ ನಾಯಿ ಒಂದು ಮೆಟ್ಟಿಲೂ ಇಳಿಯುವುದಿಲ್ಲ. ಹತ್ತು ತಿಂಗಳು ಕತ್ತು ಬಿಗಿದು ಹಿಡಿದವಳಿಗೆ ಅದು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂದು ಹೇಗೆ ಗೊತ್ತಾಗಬೇಕು?

ಅಮ್ಮನಿಗೆ ಹೇಳಿದಳು. ಅಮ್ಮ ಕಿವಿಯ ಮೇಲೇ ಹಾಕಿಕೊಳ್ಳಲಿಲ್ಲ. "ಅವತ್ತು ಅಷ್ಟು ದೊಡ್ಡ ಅನಾಹುತ ಮಾಡ್ಕೊಂಡಿದೆ, ಹೆದರಿಕೊಂಡಿರುತ್ತೆ. ಈಗ ಬುದ್ಧಿ ಬಂದಿದೆ. ಸುಮ್ನೆ ಇಲ್ಲದ್ದು ತಲೆಗೆ ಹಚ್ಕೋಬೇಡ, ಶುಕ್ರವಾರ ಹತ್ತಿರ ಬಂತು."

ಹಾಗೂ ಇರಬಹುದು. ತಂಗಿ ನ್ಯಾಯವಂತಳು, ಹಾಗೂ ಇರಬಹುದು ಎಂದುಕೊಂಡಳು. ಹೆದರಿದ ನಾಯಿ ಮೆಟ್ಟಿಲಿಗೆ ಅಂಜೀತು. ಆದರೆ ಎರಡು ಸಲ ಕಾಲು ಕುಟ್ಟುವುದನ್ನು ಅದಕ್ಕೆ ಭಯ ಕಲಿಸಿತೇ? ಇನ್ನೊಂದು ಸಂಗತಿ ಅವಳ ತಲೆ ತಿನ್ನತೊಡಗಿತು. ಸಾಯುವ ಹಿಂದಿನ ವಾರ ಅಕ್ಕ ಅಂಗಡಿಗೆ ಬಂದು, ಕಣ್ಣು ಕಾಣದವರಿಗೆ ಕೋಲು ಹಿಡಿದು ನಡೆಯುವುದನ್ನು ಕಲಿಸುವ ಶಾಲೆಯ ವಿಳಾಸ ಬರೆಸಿಕೊಂಡು ಹೋಗಿದ್ದಳು. ಬೇರೆ ಊರು, ಆರು ತಿಂಗಳು. ಪುಟ್ಟಿಯನ್ನೂ ದೊರೆಯನ್ನೂ ಕರೆದುಕೊಂಡು ಹೋಗುತ್ತೇನೆ ಎಂದಿದ್ದಳು. "ಭಾವನಿಗೆ ಹೇಳಿದ್ಯಾ?" ಎಂದರೆ, "ಹೇಳ್ತೀನಿ" ಎಂದು ಚೀಟಿಯನ್ನು ಮಡಚಿ ಮುಷ್ಟಿಯಲ್ಲಿಟ್ಟುಕೊಂಡಿದ್ದಳು.

ಗುರುವಾರ ಮಧ್ಯಾಹ್ನ ಭಾವ ಫೋನು ಮಾಡಿದ. ಮಹಡಿಯ ಕೋಣೆ ಅವಳಿಗಾಗಿ ಸಿದ್ಧವಾಗಿದೆ, ಬಂದು ನೋಡಿ ಹೋಗಬೇಕು. "ನಾಯಿನ ತರಬೇಡ. ಅದರ ಮುಖ ನೋಡಿದ್ರೆ ನನಗೆ ಆಗಲ್ಲ."

ಅವಳು ನಾಯಿಯನ್ನು ಕರೆದುಕೊಂಡೇ ಹೊರಟಳು. ಆ ಮನೆಯ ಗೇಟಿನ ಮುಂದೆ ನಿಂತು ಹಗ್ಗ ಸಡಿಲ ಬಿಟ್ಟು, "ಬರ್ತೀಯಾ, ಇಲ್ಲೇ ಇರ್ತೀಯಾ?" ಎಂದು ಕೇಳಿದಳು. ಅದು ಒಲ್ಲೆ ಎಂದಿದ್ದರೆ ಅವಳೂ ತಿರುಗಿ ಬರುತ್ತಿದ್ದಳು, ಅಷ್ಟು ಅಳುಕಿತ್ತು. ದೊರೆ ಬಹಳ ಹೊತ್ತು ಗಾಳಿ ಮೂಸಿತು. ಆಮೇಲೆ ಬಾಲ ಇಳಿಬಿಟ್ಟುಕೊಂಡು ತಾನೇ ಒಳಗೆ ನಡೆಯಿತು.

ಭಾವ ನಾಯಿಯನ್ನು ನೋಡಿದ, ಅವಳನ್ನು ನೋಡಿದ. ಪುಟ್ಟಿ ಮಾತ್ರ ಹಾರಿ ಬಂದು ನಾಯಿಯ ಕತ್ತಿಗೆ ಜೋತುಬಿದ್ದಳು. "ಅಲ್ಲೇ ಇರು ಪುಟ್ಟಿ" ಎಂದ ಭಾವ ಮೆತ್ತಗೆ. ಕೂಸು ತಟ್ಟನೆ ಕೈ ತೆಗೆದು ಗೋಡೆಗೆ ಒರಗಿ ನಿಂತಿತು. ಒಂದು ಕಾಲದಲ್ಲಿ ಮನೆಯನ್ನು ತಲೆ ಮೇಲೆ ಹೊತ್ತುಕೊಳ್ಳುತ್ತಿದ್ದ ಹುಡುಗಿ.

ಮಹಡಿಯ ಕೋಣೆಗೆ ಹೊಸ ಬಣ್ಣ, ಹೊಸ ಪರದೆ. ಅಕ್ಕನದು ಎನ್ನುವ ಒಂದು ಗುಂಡುಸೂಜಿಯೂ ಇರಲಿಲ್ಲ. ಬೀರುವಿನಲ್ಲಿ ಇವಳ ಅಳತೆಯ ಬಟ್ಟೆಗಳು, ಇವಳು ಕೇಳದೆ ಬಂದವು, ಸಾಲಾಗಿ ತೂಗುತ್ತಿದ್ದವು. ಕಿಟಕಿಯ ಪಕ್ಕ ಒಂದು ಕುರ್ಚಿ.

"ಇಲ್ಲಿ ಕೂತ್ಕೋಬಹುದು ನೀನು" ಎಂದ ಭಾವ. "ಹೊರಗೆ ಅಲೆಯೋ ಕಷ್ಟ ಇನ್ನಿಲ್ಲ. ಹೇಗಿದೆ ಅಂತ ಕೇಳಲ್ಲ. ನಿನಗೆ ಹಿಡಿಸುತ್ತೆ ಅಂತ ಗೊತ್ತು."

"ಚೆನ್ನಾಗಿದೆ" ಎಂದಳು. "ಕೆಳಗೆ ಹೋಗೋಣ."

ಮೆಟ್ಟಿಲಿನ ತಲೆಗೆ ಬಂದರು. ದೊರೆ ಮುಂದೆ ಹೋಗಿ, ಅಂಚಿಗೆ ಎರಡು ಕಾಲು ಜೋಡಿಸಿ, ಪಕ್ಕಕ್ಕೆ ಸರಿದು ಕೂತಿತು. ಇಬ್ಬರು ಇಳಿಯುವಷ್ಟು ಜಾಗ ಬಿಟ್ಟಿತ್ತು. ತಂಗಿ ನಾಯಿಯನ್ನು ನೋಡಲಿಲ್ಲ, ಭಾವನನ್ನು ನೋಡಿದಳು. ಅವನ ಮುಖದಲ್ಲಿ ಅಚ್ಚರಿ ಇರಲಿಲ್ಲ. ಇದೇನು ಹೊಸ ಚಾಳಿ ಎಂದು ಅವನು ಕೇಳಲಿಲ್ಲ.

ಕೆಳಗಿನಿಂದ ಪುಟ್ಟಿಯ ದನಿ ಬಂತು. "ಚಿಕ್ಕಮ್ಮಾ, ಅದನ್ನ ಎಳೀಬೇಡ. ನೀನು ಮೊದಲು ಇಳೀಬೇಕು. ಕೆಳಗೆ ಬಂದು ಎರಡು ಸಲ ಕಾಲು ಕುಟ್ಟಿದ್ರೇನೇ ಅದು ಬರೋದು."

ತಂಗಿ ಮುಖ ಬಿಗಿ ಮಾಡಿಕೊಂಡಳು, ಅಂಗಡಿಯ ಕುರ್ಚಿಯ ಮುಂದೆ ನಿಂತಾಗ ಮಾಡಿಕೊಳ್ಳುವ ಹಾಗೆ. ದನಿಯಲ್ಲಿ ಬೇಕು ಬೇಡ ಎರಡೂ ಇರಬಾರದು. "ಹೌದಾ? ಯಾವಾಗಿಂದ?"

"ಯಾವಾಗಿಂದ್ಲೂ. ನನ್ನ ಮುಂದಿನ ಹಲ್ಲು ಬೀಳೋಕಿಂತ ಮುಂಚೆ. ಅಮ್ಮಂಗೆ ಕಾಲ ಹತ್ರ ಕಾಣ್ತಿರಲಿಲ್ವಲ್ಲ, ಅದಕ್ಕೆ ಅಮ್ಮಾನೇ ಕಲಿಸಿದ್ದು. ನಾನೂ ಇದ್ದೆ."

"ಮಕ್ಕಳು ಏನೇನೋ ಹೇಳ್ತವೆ" ಎಂದ ಭಾವ. ಅವನು ಅವಳ ಬೆನ್ನ ಹಿಂದೆ ಬಂದಿದ್ದ. "ಪುಟ್ಟಿ, ಸಾಕು."

ಆದರೆ ಹತ್ತು ತಿಂಗಳಲ್ಲಿ ಪುಟ್ಟಿಯನ್ನು ಯಾರಾದರೂ ಏನನ್ನಾದರೂ ಕೇಳಿದ್ದು ಇದೇ ಮೊದಲು. ಅವಳು ಅಪ್ಪನ ಕಡೆ ನೋಡಲಿಲ್ಲ, ನಾಯಿಯನ್ನೇ ನೋಡುತ್ತಾ ಹೇಳಿದಳು. "ಅವತ್ತು ನಾನು ಸ್ಕೂಲಿಂದ ಬಂದಾಗ ದೊರೆ ಇನ್ನೂ ಮೇಲೇ ಕೂತಿತ್ತು ಚಿಕ್ಕಮ್ಮ. ಅಮ್ಮ ಕಾಲು ಕುಟ್ಟಲೇ ಇಲ್ವಲ್ಲ. ಆಮೇಲೆ ಅಪ್ಪ ಕತ್ತುಪಟ್ಟಿ ಹಿಡಿದು ಎಳ್ಕೊಂಡು ಬಂದ್ರು."

ಓಡಿ ಬಂದು ಕಾಲಿಗೆ ನುಗ್ಗಿದ ನಾಯಿ ಮೆಟ್ಟಿಲಿನ ತಲೆಯಲ್ಲಿ ಹೇಗೆ ಕೂತಿರುತ್ತದೆ? ಅದು ನುಗ್ಗಿರಲಿಲ್ಲ. ಅಂದೂ ಇಲ್ಲೇ, ಹೀಗೇ, ಪಕ್ಕಕ್ಕೆ ಸರಿದು ಕೂತಿತ್ತು. ಅಕ್ಕ ಶಾಲೆಯ ಚೀಟಿಯ ವಿಷಯ ಭಾವನಿಗೆ ಹೇಳಿಬಿಟ್ಟಿದ್ದಳು, ಹೇಳಿ ಇಳಿಯತೊಡಗಿದ್ದಳು, ಅವಳ ಹಿಂದೆ ಯಾರು ನಿಂತಿದ್ದರು, ಆ ಕೈ ಏನು ಮಾಡಿತು ಎಂಬುದನ್ನೆಲ್ಲ ಈ ನಾಯಿ ನೋಡಿತ್ತು. ನೋಡಿದ ಮೇಲೂ ಎರಡು ಸದ್ದಿಗಾಗಿ ಕಾದು ಕೂತಿತ್ತು. ಅಂಥ ಪ್ರಾಣಿಯನ್ನು ಅವಳು ಹತ್ತು ತಿಂಗಳು ಕೊಲೆಗಾರನ ಹಾಗೆ ಎಳೆದಾಡಿದ್ದಳು. ತಂಗಿಗೆ ಭಯಕ್ಕಿಂತ ಮೊದಲು ನಾಚಿಕೆಯಾಯಿತು.

"ಇಳಿ" ಎಂದ ಭಾವ. ದನಿ ಮೊದಲಿನಷ್ಟೇ ಮೃದು. "ನೀನು ಮುಂದೆ ನಡಿ. ಹಿಂದೆ ನಾನಿದ್ದೀನಲ್ಲ."

ಅವನ ಉಸಿರು ಅವಳ ಹೆರಳಿಗೆ ತಾಗುತ್ತಿತ್ತು. ತಂಗಿ ಗೋಡೆಯ ಕಂಬಿ ಹಿಡಿದಳು. ಆಮೇಲೆ ತನ್ನ ಬದುಕಿನಲ್ಲಿ ಅದುವರೆಗೆ ಮಾಡದ ಒಂದು ಕೆಲಸ ಮಾಡಿದಳು. ಅಲ್ಲೇ, ಮೇಲಿನ ಮೆಟ್ಟಿಲಿನಲ್ಲಿ, ನಾಯಿಯ ಪಕ್ಕ ಕುಕ್ಕರಿಸಿ ಕೂತುಬಿಟ್ಟಳು. ಬೆನ್ನನ್ನು ಗೋಡೆಗೆ ಕೊಟ್ಟು, ತೋಳನ್ನು ಕಂಬಿಯ ಸುತ್ತ ಹೆಣೆದು.

"ನೀವು ಮೊದಲು ಇಳೀರಿ ಭಾವ. ನಾವಿಬ್ರೂ ಆಮೇಲೆ ಬರ್ತೀವಿ."

"ಏನು ಹುಡುಗಾಟ ಇದು?"

"ಹುಡುಗಾಟ ಅಲ್ಲ. ನನಗೆ ಹೀಗೇ ಬೇಕು."

ಅವನು ನಿಂತೇ ಇದ್ದ. ಅವನ ಬಲಗಾಲು ನೆಲವನ್ನು ಮೆಲ್ಲಗೆ ಒತ್ತುತ್ತಿರುವುದನ್ನು ಅವಳು ಕಂಡಳು, ಕಾರಿನೊಳಗೆ ಒತ್ತುವ ಹಾಗೆ. ಹೊರಗೆ ಹಾರನ್ ಕೇಳಿಸಿತು. ಐದು ಗಂಟೆಯ ಪಾಠಕ್ಕೆ ಬಂದವನೊಬ್ಬ ಗೇಟಿನ ಮುಂದಿನ ಕಾರಿನಲ್ಲಿ ಕೂತು ಕಾಯುತ್ತಿದ್ದ, ತೆರೆದ ಬಾಗಿಲಿನಿಂದ ಮನೆಯೊಳಗನ್ನೇ ಇಣುಕುತ್ತಿದ್ದ. ಭಾವ ಆ ಕಡೆ ನೋಡಿದ. ಆಮೇಲೆ ಅವರಿಬ್ಬರನ್ನೂ ದಾಟಿ, ಒಂದೊಂದೇ ಮೆಟ್ಟಿಲು ಇಳಿದು, ಕೆಳಗೆ ಪುಟ್ಟಿಯ ಪಕ್ಕ ನಿಂತ. ಅವಳ ತಲೆಯ ಮೇಲೆ ಕೈ ಇಟ್ಟ. ಅಲ್ಲಿಂದ ಮೇಲಕ್ಕೆ ನೋಡಿದ.

ತಂಗಿ ಎದ್ದಳು. ಇಳಿದಳು. ಕೆಳಗೆ ಬಂದವಳೇ ಪುಟ್ಟಿಯ ಎದುರು ಮೊಣಕಾಲೂರಿ, ಕೈ ಎರಡನ್ನೂ ಹಿಂದೆ ಕಟ್ಟಿಕೊಂಡಳು.

"ಪುಟ್ಟಿ, ಇಲ್ಲಿರ್ತೀಯಾ, ನನ್ನ ಜೊತೆ ಬರ್ತೀಯಾ?"

ಪುಟ್ಟಿ ಅಪ್ಪನ ಮುಖ ನೋಡಿದಳು. "ಅಪ್ಪ ಹೇಳಿದ ಹಾಗೆ."

"ಅಪ್ಪನ್ನ ಕೇಳಿಲ್ಲ ಕಂದ, ನಿನ್ನ ಕೇಳಿದ್ದು. ಸರಿ ತಪ್ಪು ಇಲ್ಲ. ನನ್ನ ಜೊತೆ ಬರ್ತೀಯಾ, ಇಲ್ಲಿರ್ತೀಯಾ?"

ಕೇಳಿ, ಕಾದಳು. ಅದಕ್ಕಿಂತ ಉದ್ದನೆಯ ಕಾಯುವಿಕೆಯನ್ನು ಅವಳು ಕಂಡಿರಲಿಲ್ಲ. ಭಾವನ ಬೆರಳುಗಳು ಮಗುವಿನ ಕೂದಲಿನಲ್ಲಿ ಬಿಗಿಯಾದವು. ಹೊರಗೆ ಮತ್ತೆ ಹಾರನ್ ಆಯಿತು. ಪುಟ್ಟಿ ಮೇಲಕ್ಕೆ, ಕಿವಿ ನಿಮಿರಿಸಿ ಕೂತ ನಾಯಿಯ ಕಡೆ ನೋಡಿದಳು. ಆಮೇಲೆ ಪುಟ್ಟ ಪಾದದಿಂದ ನೆಲವನ್ನು ಎರಡು ಸಲ ಕುಟ್ಟಿದಳು. ದೊರೆ ಇಳಿದು ಬಂದಿತು.

"ದೊರೆ ಜೊತೆ ಹೋಗ್ತೀನಿ" ಎಂದಳು. ತಲೆಯನ್ನು ಬಗ್ಗಿಸಿ ಆ ಕೈಯ ಕೆಳಗಿನಿಂದ ಜಾರಿಕೊಂಡಳು.

"ರಾತ್ರಿಯೊಳಗೆ ವಾಪಸ್ ಕರ್ಕೊಂಡು ಬಾ" ಎಂದ ಭಾವ. ಬಾಗಿಲ ಹೊರಗಿದ್ದವನಿಗೂ ಕೇಳಲಿ ಎಂದು ನಗುತ್ತಲೇ ಹೇಳಿದ. "ನಾಳೆ ನಮ್ಮ ಸಹಿ ಇದೆ. ನೀನು ಎಲ್ಲಿಗೆ ಹೋಗ್ತೀಯ, ಯಾರಿಗೆ ಏನು ಹೇಳ್ತೀಯ ಅಂತ ನನಗೆ ಗೊತ್ತು. ಒಂದು ನಾಯಿ ಮಾತು ಯಾರು ಕೇಳ್ತಾರೆ?"

ಯಾರು ಕೇಳುತ್ತಾರೋ ತಂಗಿಗೂ ಗೊತ್ತಿರಲಿಲ್ಲ. ಕೇಳುವವರು ಸಿಗುವ ತನಕ ಹೇಳಬೇಕು, ಅಷ್ಟೇ ಗೊತ್ತಿತ್ತು. ಪುಟ್ಟಿಯ ಕೈ ಹಿಡಿದು ಹೊಸ್ತಿಲು ದಾಟಿದಳು.

ಮನೆಯ ಮುಂದೆ ಮೂರು ಮೆಟ್ಟಿಲು. ಇಬ್ಬರೂ ಇಳಿದು ಗೇಟಿನವರೆಗೆ ಬಂದು ತಿರುಗಿ ನೋಡಿದರು. ಬಾಗಿಲಲ್ಲಿ ಭಾವ ನಿಂತಿದ್ದ. ಅವನ ಮುಂದೆ, ಮೇಲಿನ ಮೆಟ್ಟಿಲಿಗೆ ಅಡ್ಡಲಾಗಿ, ಅವನಿಗೆ ಬೆನ್ನು ಹಾಕಿ ದೊರೆ ಕೂತಿತ್ತು. ಈ ಸಲ ಅದು ಪಕ್ಕಕ್ಕೆ ಸರಿದು ಜಾಗ ಬಿಟ್ಟಿರಲಿಲ್ಲ. ಅವನು ಒಂದು ಹೆಜ್ಜೆ ಮುಂದಿಟ್ಟ, ನಾಯಿ ಕದಲಲಿಲ್ಲ.

"ಕುಟ್ಟಲಾ ಚಿಕ್ಕಮ್ಮ?" ಎಂದಳು ಪುಟ್ಟಿ.

"ಇರು. ಮೊದಲು ಗೇಟು ದಾಟೋಣ" ಎಂದಳು ತಂಗಿ.